ಹೋಲ್ಡಾನ್ ಗುಂಡಿ

ಹೆಂಡತಿಯನ್ನು ಬೈಯಬೇಕೆಂದರೆ ಪಂಚಾಕ್ಷರಿ ಕೊಟಗಿ ಮೊದಲು ಹೆಂಡತಿಯ ಅಪ್ಪಣೆ ಪಡೆಯಬೇಕಾಗಿತ್ತು.

ಇದು ದಾಂಪತ್ಯದ ನೀತಿಯಲ್ಲ, ಯಂತ್ರದ ರೀತಿ. ಆತ ತುಟಿ ಅಲ್ಲಾಡಿಸಿದರೆ ಆ ಮಾತು ಕೊರಳಲ್ಲಿ ತೂಗುವ ಪೆಟ್ಟಿಗೆಯೊಳಗೆ ಮೊದಲು ಅಕ್ಷರವಾಗುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ತಡೆದು ಆಮೇಲೆ ಸದ್ದಾಗುತ್ತಿತ್ತು. ಆ ಒಂದುಸಿರಿನ ಸಂದಿಯಲ್ಲೇ, ಹುಬ್ಬಳ್ಳಿಯ ಇನ್ನೊಂದು ತುದಿಯ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕೂತ ಮಂದಾಕಿನಿಯ ಮೊಬೈಲಿನ ಮೇಲೆ ಅವೇ ಅಕ್ಷರಗಳು ಮೂಡುತ್ತಿದ್ದವು. ಕೆಳಗೆ ಎರಡು ಗುಂಡಿ, ಒಂದು ಹಸಿರು, ಒಂದು ಕೆಂಪು. ಕಂಡಕ್ಟರಾಗಿ ಸೇರಿ ಕಂಟ್ರೋಲರ್ ಆದ ಹೆಂಗಸು. ಗುಂಡಿಗಳ ಮೇಲೂ ವೃತ್ತಿಯ ಭಾಷೆಯನ್ನೇ ಬರೆಸಿದ್ದಳು. ಹಸಿರಿನ ಮೇಲೆ ‘ರೈಟ್’, ಕೆಂಪಿನ ಮೇಲೆ ‘ಹೋಲ್ಡಾನ್’. ಹಸಿರು ಒತ್ತಿದರೆ ಮಾತು ಕಾಯದೆ ಹೊರಡುತ್ತಿತ್ತು. ಏನೂ ಒತ್ತದಿದ್ದರೆ ಉಸಿರು ಕಳೆದು ತಾನೇ ಹೊರಡುತ್ತಿತ್ತು. ಕೆಂಪು ಒತ್ತಿದರೆ ಮುಗಿಯಿತು, ಡಿಪೋ ಬಿಟ್ಟು ಹೊರಬಾರದ ಬಸ್ಸು.

ಒಂದು ಮುಂಜಾನೆ ಪಂಚಾಕ್ಷರಿಗೆ ರೊಟ್ಟಿ ಸಿಕ್ಕಿತು, ಶೇಂಗಾ ಚಟ್ನಿ ಸಿಗಲಿಲ್ಲ. ಕಂಟ್ರೋಲ್ ರೂಮಿನ ಫೋನಿಗೆ ಕರೆ ಹಚ್ಚಿ, ರಿಸೀವರಿನ ಮುಂದೆ ಪೆಟ್ಟಿಗೆ ಹಿಡಿದು, ತುಟಿ ಬಿಚ್ಚಿದ. ಮಂದಾಕಿನಿಯ ಮೊಬೈಲಿನಲ್ಲಿ ಮೂಡಿತು: ‘ಏ ದರಿದ್ರದಾಕಿ, ಚಟ್ನಿ ಡಬ್ಬಿ ಎಲ್ಲಿ ಹೂತಿಟ್ಟೀ?’

ಆಕೆ ಕೆಂಪು ಒತ್ತಿದಳು. ಮೈಕಿಗೆ ಬಗ್ಗಿ, “ಬಾಗಲಕೋಟಿ, ಇಳಕಲ್ ಕಡೆ ಹೋಗುವ ಪ್ರಯಾಣಿಕರ ಗಮನಕ್ಕೆ, ನಿಮ್ಮ ಗಾಡಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರ್ತಾ ಇದೆ” ಎಂದು ಸಕ್ಕರೆಯಂತೆ ಹೇಳಿ, ಆಮೇಲೆ ಫೋನಿಗೆ, “ಹಲೋ? ಯಾರ್ರಿ? ಮಾತಾಡ್ರಿ. ಫೋನ್ ಹಚ್ಚಿ ಯಾಕ ಸುಮ್ನ ಕುಂತೀರಿ?” ಎಂದಳು.

ಆತ ಇನ್ನೊಮ್ಮೆ ತುಟಿ ಅಲ್ಲಾಡಿಸಿದ. ಇನ್ನೊಮ್ಮೆ ಕೆಂಪು. ಮತ್ತೊಮ್ಮೆ. ಕೊನೆಗೆ ಹಲ್ಲು ಕಚ್ಚಿಕೊಂಡು, ಬಾಯಲ್ಲಿ ಬೇವಿನೆಲೆ ಇಟ್ಟವನ ಹಾಗೆ, ‘ಮಂದಾ, ಚಟ್ನಿ ಡಬ್ಬಿ ಎಲ್ಲೈತಿ?’ ಎಂದ. ಹಸಿರು ಬಿತ್ತು.

“ಖಾಲಿ ಆಗೇತ್ರಿ,” ಎಂದು ಆಕೆ ಫೋನ್ ಇಟ್ಟಳು.

* * *

ಪಂಚಾಕ್ಷರಿ ಎಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ‘ನೂರೊಂದು ದನಿ ಪಂಚಾಕ್ಷರಿ’ ಎಂದರೆ ಗದಗ, ಧಾರವಾಡ, ಹಾವೇರಿಯ ಕಡೆ ಇಂದಿಗೂ ಜನ ನಗುತ್ತಾರೆ. ಕಾಲೇಜಿನ ಗ್ಯಾದರಿಂಗ್, ಗಣಪತಿ ಪೆಂಡಾಲು, ಬೀಗರೂಟ, ಎಲ್ಲಿ ಮೈಕಿದೆಯೋ ಅಲ್ಲಿ ಆತ. ಮಂತ್ರಿಯ ಕೆಮ್ಮು, ತತ್ತಿ ಇಟ್ಟ ಕೋಳಿಯ ಡೌಲು, ಕುಂದಗೋಳದಲ್ಲಿ ನಿಲ್ಲಲೋ ಬೇಡವೋ ಎಂದು ಯೋಚಿಸುವ ಪ್ಯಾಸೆಂಜರ್ ರೈಲು, ಮತ್ತೆ ಎಲ್ಲಕ್ಕಿಂತ ಮಿಗಿಲಾಗಿ ತನಗೆ ಕನ್ನಡ ಕಲಿಸಿದ ಕಟ್ಟಿ ಹೆಡ್‌ಮಾಸ್ತರರ ಹಾಲಿನಂಥ ದನಿ. “ತಮ್ಮಾ, ತಪ್ಪು ಮಾಡಿದಿ ಅಂತ ನಾ ಹೊಡಿಯಂಗಿಲ್ಲ, ತಪ್ಪು ಅಂತ ನಿನಗ ತಿಳೀಲಿ ಅಂತ ಹೊಡೀತೀನಿ,” ಎಂದು ಆತ ಆ ದನಿಯಲ್ಲಿ ಹೇಳಿದರೆ ಸಭೆಯ ಅರ್ಧ ಜನ ಅಂಗೈ ಚಾಚುತ್ತಿದ್ದರು.

ಆತನದೊಂದು ಪದ್ಧತಿ ಇತ್ತು. ರಂಗ ಏರುವ ಮೊದಲು ಮೈಕನ್ನು ಒಮ್ಮೆ ಪೂರ್ತಿ ಬಂದ್ ಮಾಡಿಸಿ, ಮತ್ತೆ ಚಾಲೂ ಮಾಡಿಸುವುದು. “ಹಿಂದಿನ ಭಾಷಣದವರ ಎಂಜಲು ಒಳಗ ಉಳಿದಿರ್ತೈತ್ರಿ. ಮೈಕಿಗೆ ಹೊಸ ಜನ್ಮ ಕೊಟ್ಟ ಮ್ಯಾಲೆ ನಾ ಬಾಯಿ ತೆಗಿಯಾವ,” ಎನ್ನುತ್ತಿದ್ದ. ಎಂಥ ಮಂತ್ರಿ ಎದುರಿಗೆ ಕೂತಿದ್ದರೂ ಈ ಪುನರ್ಜನ್ಮ ತಪ್ಪಿದ್ದಿಲ್ಲ.

ಹೊರಗೆ ನೂರೊಂದು ದನಿ, ಒಳಗೆ ಒಂದೇ. ಬಾಗಿಲು ದಾಟಿ ಮನೆಯೊಳಗೆ ಕಾಲಿಟ್ಟರೆ ಮಂತ್ರಿ, ಮಾಸ್ತರ, ಕೋಳಿ ಎಲ್ಲರೂ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿದ್ದರು. ಒಳಗೆ ಬರುತ್ತಿದ್ದವನ ಹೆಸರು ಪಂಚಾಕ್ಷರಿ, ಬೈಗುಳ ಶತಾಕ್ಷರಿ. ಹೆಂಡತಿ ಡ್ಯೂಟಿಯ ಮೇಲಿದ್ದಾಗಲೂ ಫೋನ್ ಹಚ್ಚಿ ಬೈಯುತ್ತಿದ್ದ. ಎಲ್ಲದರ ಕೊನೆಗೂ ಒಂದೇ ಪಲ್ಲವಿ: “ನಿನ್ನ ನಾಲಿಗಿ ಕಿತ್ತು ಬಸ್‌ಸ್ಟ್ಯಾಂಡಿನ್ಯಾಗ ತೂಗ ಹಾಕ್ತೀನಿ.” ಮಂದಾಕಿನಿ ಉತ್ತರ ಕೊಡುವುದನ್ನು ಬಿಟ್ಟು ರೆಕಾರ್ಡ್ ಮಾಡುವುದನ್ನು ಕಲಿತಳು. ವಿಚ್ಛೇದನದ ಅರ್ಜಿ ಹಾಕಿದಳು.

ವಿಚ್ಛೇದನಕ್ಕಿಂತ ಮೊದಲು ಕಂಠಚ್ಛೇದನವಾಯಿತು. ಗುಟ್ಕಾ ಆತನಿಗೆ ಗುಟುಕು ಜೀವ ಮಾತ್ರ ಉಳಿಸಿ, ಧ್ವನಿಪೆಟ್ಟಿಗೆಯನ್ನು ಡಾಕ್ಟರರ ತಟ್ಟೆಗೆ ಹಾಕಿಸಿತು. ಮಂದಾಕಿನಿ ದವಾಖಾನೆಗೆ ಗಂಜಿ ಒಯ್ದಳು, ಅರ್ಜಿ ಹಿಂದಕ್ಕೆ ಪಡೆಯಲಿಲ್ಲ. ಕ್ವಾರ್ಟರ್ಸ್ ಆಕೆಯ ಹೆಸರಿನಲ್ಲಿತ್ತು, ಆದ್ದರಿಂದ ಆಕೆ ಬಿಡಲಿಲ್ಲ. ಬೇರೆ ಯಾರೂ ಇಟ್ಟುಕೊಳ್ಳುವವರಿರಲಿಲ್ಲ, ಆದ್ದರಿಂದ ಆತ ಬಿಡಲಿಲ್ಲ. ಒಂದೇ ಸೂರು, ಎರಡು ಒಲೆ, ನಡುವೆ ಒಂದು ಮೊಕದ್ದಮೆ.

* * *

ಮುಚ್ಚಿಹೋದ ಹತ್ತಿ ಗಿರಣಿಯೊಂದರ ಗೋದಾಮಿನಲ್ಲಿ ಆ ಪ್ರಯೋಗಾಲಯವಿತ್ತು. ದನಿ ಕಳಕೊಂಡವರಿಗೆ ದನಿ ಕೊಡುವುದು ಅದರ ಕೆಲಸ. ಪೆಟ್ಟಿಗೆ ಕಟ್ಟುತ್ತಿದ್ದವಳು ತಸ್ಮಿಯಾ ನದಾಫ್, ಇಂಜಿನಿಯರ್. ಅವಳ ಯಂತ್ರ ಸರಳವಾಗಿತ್ತು: ಗದ್ದದ ಕೆಳಗೆ, ಕೊರಳ ಎರಡೂ ಬದಿಗೆ ಬಿಲ್ಲೆಗಳನ್ನು ಅಂಟಿಸುವುದು. ಮನುಷ್ಯ ಸದ್ದಿಲ್ಲದೆ ಮಾತಾಡಿದರೂ ಸ್ನಾಯು ಅಲ್ಲಾಡುತ್ತದೆ. ಬಿಲ್ಲೆಗಳು ಅದನ್ನು ಹಿಡಿದು ಪೆಟ್ಟಿಗೆಗೆ ಕೊಡುತ್ತವೆ. ಪೆಟ್ಟಿಗೆಯೊಳಗಿನ ಪುಟ್ಟ ಲಿನಕ್ಸ್ ಕಂಪ್ಯೂಟರು ಅದನ್ನು ವಾಕ್ಯವಾಗಿ ಬರೆದುಕೊಂಡು, ಆಮೇಲೆ ಆ ಮನುಷ್ಯನ ಹಳೆಯ ದನಿಯಲ್ಲೇ ನುಡಿಯುತ್ತದೆ. ಹಳೆಯ ದನಿಯ ಒಂದಿಷ್ಟು ರೆಕಾರ್ಡಿಂಗ್ ಸಿಕ್ಕರೆ ಸಾಕು.

ಪಂಚಾಕ್ಷರಿ ಚೀಲ ತುಂಬ ಪೆನ್ ಡ್ರೈವ್ ತಂದು ಸುರಿದ. ತಸ್ಮಿಯಾ ಕೇಳಿದಳು. ಮಂತ್ರಿ. ಕೋಳಿ. ರೈಲು. ಇನ್ನೊಬ್ಬ ಮಂತ್ರಿ. ಹೆಡ್‌ಮಾಸ್ತರ. ಕಾರ್ಯಕ್ರಮದ ಆರಂಭದ ನಮಸ್ಕಾರವೂ ಯಾರದೋ ದನಿ, ಕೊನೆಯ ವಂದನೆಯೂ ಯಾರದೋ ದನಿ. ಎಲ್ಲವನ್ನೂ ಒಟ್ಟಿಗೆ ಅರೆದು ಯಂತ್ರಕ್ಕೆ ಕುಡಿಸಿ ನೋಡಿದಳು. ಪೆಟ್ಟಿಗೆ ‘ನನಗ ನೀರು ಬೇಕು’ ಎಂಬ ಮಾತನ್ನು ಮಂತ್ರಿಯಾಗಿ ಆರಂಭಿಸಿ, ನಡುವೆ ರೈಲಾಗಿ, ಕೋಳಿಯಾಗಿ ಮುಗಿಸಿತು.

“ಸರ್, ಇದರಾಗ ನಿಮ್ಮ ದನಿ ಯಾವುದ್ರಿ?” ಎಂದು ಕೇಳಿದಳು.

ಪಂಚಾಕ್ಷರಿ ಪಾಟಿಯ ಮೇಲೆ ಬರೆದ: ‘ಇಲ್ಲ.’

ಗೋಡೆಗೆ ಒರಗಿ ನಿಂತಿದ್ದ ಮಂದಾಕಿನಿ ತನ್ನ ಮೊಬೈಲು ತೆಗೆದು ಮೇಜಿನ ಮೇಲಿಟ್ಟಳು. “ನನ್ನ ಹತ್ರ ಐತಿ. ಬೇಕಾದಷ್ಟೈತಿ.”

ತಸ್ಮಿಯಾ ಇಯರ್‌ಫೋನ್ ಹಚ್ಚಿಕೊಂಡು ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಕಿತ್ತಿಟ್ಟಳು. ಅವಳ ಕಿವಿ ಕೆಂಪಾಗಿತ್ತು. “ಅಕ್ಕಾ, ಅಕ್ಷರ ಎಲ್ಲಾ ಅದಾವ. ಆದರ…”

“ಆದರ ಪ್ರೀತಿ ಇಲ್ಲ, ಹೌದಿಲ್ಲೋ? ಅದು ನನಗೂ ಸಿಕ್ಕಿಲ್ಲಬಿಡವಾ. ನಿನ್ನ ಮಷಿನ್ನಿಗೆ ಎಲ್ಲಿಂದ ತರ್ಲಿ?” ಎಂದಳು ಮಂದಾಕಿನಿ. “ಕೊಡ್ತೀನಿ. ಆದ್ರ ಒಂದ ಕರಾರು. ಪೆಟ್ಟಿಗಿ ಒಳಗ ಏನ ಬರಿತೈತಲ್ಲ, ಅದು ಹೊರಗ ಬರೂದಕ್ಕಿಂತ ಮದಲ ನನಗ ಕಾಣ್ಬೇಕು. ಬ್ಯಾಡ ಅನಿಸಿದ್ರ ನಿಲ್ಲಿಸಾಕ ಬರಬೇಕು.”

“ಅದು ಸರಿ ಅಲ್ಲಕ್ಕಾ. ಬ್ಯಾರೆಯವರ ಬಾಯಿಗೆ ಕೀಲಿ ಹಾಕಿದಂಗಾತು.”

“ಬಾಯಿ ಅವರದಾ ಇರಬಹುದು. ದನಿ ಮಾತ್ರ ನನ್ನ ಫೋನಿನ್ಯಾಗೈತಿ.”

ತಸ್ಮಿಯಾ ಪಂಚಾಕ್ಷರಿಯ ಮುಖ ನೋಡಿದಳು. ಆತ ಮೊಬೈಲನ್ನು ನೋಡಿದ. ಅದರೊಳಗೆ ತಾನಿದ್ದ. ಮೂಕನಾಗಿ ಬೀದಿಗಿಳಿದ ದಿನದಿಂದ ಕಂಡವರೆಲ್ಲ ಅವನಿಗೆ ಕಿವುಡನಿಗೆಂಬಂತೆ ಕೂಗಿ ಹೇಳುತ್ತಿದ್ದರು. ಹಳೆಯ ಅಭಿಮಾನಿಯೊಬ್ಬ ಚಿಲ್ಲರೆ ಕೊಡಲು ಬಂದಿದ್ದ. ಸದ್ಯ ಒಪ್ಪೋಣ, ಆಮೇಲೆ ದಾರಿ ಹುಡುಕೋಣ ಎಂದು ಲೆಕ್ಕ ಹಾಕಿ ತಲೆ ಅಲ್ಲಾಡಿಸಿದ.

ಪೆಟ್ಟಿಗೆ ಹಾಕುವಾಗ ತಸ್ಮಿಯಾ ಇಬ್ಬರಿಗೂ ತಿಳಿಸಿ ಹೇಳಿದಳು. “ಇದಕ್ಕ ಪರದೆ ಇಲ್ರಿ, ಕೀಬೋರ್ಡ್ ಇಲ್ಲ. ಕೆಟ್ರ ನಾ ಇಲ್ಲೆ ಕುಂತು ಒಳಗ ಇಣುಕಿ ನೋಡಬೇಕು. ಅದಕ್ಕ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಅಂತ ಒಂದ ಪ್ರೋಗ್ರಾಮ್ ಐತಿ. ಇಲ್ಲದ ಪರದೆನ ದೂರದಾಗ ತೋರಸ್ತೈತಿ. ಮನಿ ಕಿಡಕಿ ಇದ್ದಂಗ. ಈಗ ನೋಡ್ರಿ, ಆ ಕಿಡಕಿ ತೆಗಿಯಾಕ ಯಾರಾರ ಒಳಗ ಹೋಗ್ಬೇಕು, ಒಳಗ ಹೋಗ್ಬೇಕಂದ್ರ ಕಿಡಕಿ ತೆರೆದಿರಬೇಕು. ಹಂಗಾಗಿ ಪೆಟ್ಟಿಗಿ ಎದ್ದಕೂಡ್ಲೆ ಕಿಡಕಿ ತಾನ ತೆರೀಲಿ ಅಂತ ಬರೆದಿಟ್ಟೀನಿ. ಬ್ಯಾಟರಿ ಸತ್ತು ಎದ್ರೂ ತೆರೀತೈತಿ, ನೀವ ಬಂದ್ ಮಾಡಿ ಚಾಲೂ ಮಾಡಿದ್ರೂ ತೆರೀತೈತಿ. ನಿಮಗಿಂತ ಮದಲ ಅದಾ ಏಳ್ತೈತಿ.”

“ನನ್ನಂಗ,” ಎಂದಳು ಮಂದಾಕಿನಿ.

ಬಿಲ್ಲೆ ಅಂಟಿಸಿದ್ದಾಯಿತು. ಪಂಚಾಕ್ಷರಿ ಪದ್ಧತಿಯ ಪ್ರಕಾರ ಪೆಟ್ಟಿಗೆಯನ್ನು ಒಮ್ಮೆ ಬಂದ್ ಮಾಡಿ, ಮತ್ತೆ ಚಾಲೂ ಮಾಡಿ, ಎರಡು ಬೆರಳಿನಿಂದ ತಟ್ಟಿದ. ತುಟಿ ಅಲ್ಲಾಡಿಸಿದ. ಕಾಯ್ದ. ಪೆಟ್ಟಿಗೆ ನುಡಿಯಿತು: “ಹಲೋ. ಮೈಕ್ ಟೆಸ್ಟಿಂಗ್.”

ಅದು ಅವನದೇ ದನಿ. ಆದರೆ ಮೈಕ್ ಟೆಸ್ಟಿಂಗ್ ಎಂಬ ಎರಡು ಪದ ಕೂಡ ಅದರಲ್ಲಿ, ಮೈಕಿನ ತಾಯಿಯನ್ನು ಬೈದಂತೆ ಕೇಳಿಸಿತು.

* * *

ಊರಿನಲ್ಲಿ ಪೆಟ್ಟಿಗೆಯವರು ಬರಬರುತ್ತ ಹೆಚ್ಚಾದರು. ಜನ ಅವರ ಒಂದುಸಿರಿನ ತಡಕ್ಕೆ ಹೊಂದಿಕೊಂಡರು; ಅಂಗಡಿಯವರು ಗಿರಾಕಿಯ ತುಟಿ ಅಲ್ಲಾಡಿದರೆ ತಕ್ಕಡಿ ಹಿಡಿದು ಕಾಯುತ್ತಿದ್ದರು. ಆದರೆ ಮಂದಾಕಿನಿಯ ಕೆಂಪು ಗುಂಡಿಯ ಸುದ್ದಿ ಹಬ್ಬಿದ ಮೇಲೆ ತಸ್ಮಿಯಾಳ ಬಾಗಿಲಿಗೆ ಬೇರೆಯೇ ಜಾತಿಯ ರೋಗಿಗಳು ಬರತೊಡಗಿದರು. “ನಮ್ಮ ಮನಿಯವರಿಗೆ ಗಂಟಲು ಗಟ್ಟಿ ಐತ್ರಿ, ಆದ್ರೂ ಒಂದ ಹಾಕಾಕ ಬರ್ತೈತೇನು?” ಎಂದು ಒಬ್ಬಳು. “ನಮ್ಮ ಅತ್ತಿಗೆ,” ಎಂದು ಇನ್ನೊಬ್ಬಳು. “ನಮ್ಮ ಸೊಸಿಗೆ,” ಎಂದು ಆ ಅತ್ತೆ, ಮಾರನೆಯ ದಿನ. ತಸ್ಮಿಯಾ ಬಾಗಿಲಿಗೆ ಬೋರ್ಡು ಹಾಕಿದಳು: ‘ಇಲ್ಲಿ ದನಿ ಕೊಡಲಾಗುವುದು. ಕಸಿದುಕೊಳ್ಳಲಾಗುವುದಿಲ್ಲ.’ ಹಾಕಿದ ದಿನ ಅವಳಿಗೇ ಅದನ್ನು ಓದಲು ನಾಚಿಕೆಯಾಯಿತು.

ಮೊದಮೊದಲು ಮಂದಾಕಿನಿ ಬೈಗುಳಕ್ಕೆ ಮಾತ್ರ ಕೆಂಪು ಒತ್ತುತ್ತಿದ್ದಳು. ಅಧಿಕಾರವೆಂಬುದು ಶೇಂಗಾ ಇದ್ದ ಹಾಗೆ; ಒಂದು ಬಾಯಿಗೆ ಹಾಕಿಕೊಂಡು ಕೈ ಕಟ್ಟಿ ಕೂತವರನ್ನು ಕಂಡವರಿಲ್ಲ.

ಪಂಚಾಕ್ಷರಿ ಕ್ಷೌರದಂಗಡಿಯಲ್ಲಿ ಕೂತಿದ್ದ. ಕೈ ಎರಡೂ ಬಿಳಿ ಬಟ್ಟೆಯ ಒಳಗೆ, ಮುಖದ ತುಂಬ ನೊರೆ, ಮೇಲ್ದುಟಿಯ ಅಂಚಿನಲ್ಲಿ ಕತ್ತಿ. ಹುರಿ ಮಾಡಿದ ಮೀಸೆ ಆತನ ಬಂಡವಾಳ. ಪೋಸ್ಟರಿನಲ್ಲಿ ಮುಖಕ್ಕಿಂತ ಮೀಸೆ ದೊಡ್ಡದಾಗಿರುತ್ತಿತ್ತು.

“ಮೀಸಿನೂ ತೆಗದ ಬಿಡ್ಲೇನ್ರಿ ಮಾಮಾ? ಹತ್ತ ವರ್ಷ ಸಣ್ಣವರ ಕಾಣ್ತೀರಿ,” ಎಂದ ಕ್ಷೌರಿಕ.

ಪಂಚಾಕ್ಷರಿ ತುಟಿ ಕಂಡೂ ಕಾಣದಂತೆ ಅಲ್ಲಾಡಿಸಿದ.

ಬಸ್‌ಸ್ಟ್ಯಾಂಡಿನಲ್ಲಿ ಮೂಡಿತು: ‘ಮೀಸಿ ಮುಟ್ಟಬ್ಯಾಡ.’

ಮಂದಾಕಿನಿ ಓದಿದಳು. ಎದುರಿಗೆ ಡ್ರೈವರೊಬ್ಬ ರಜೆ ಕೇಳುತ್ತಿದ್ದ. ಆಕೆ ಅವನತ್ತ ನೋಡುತ್ತಲೇ ಕೆಂಪು ಒತ್ತಿದಳು.

ಕ್ಷೌರಿಕ ಒಂದುಸಿರು ಕಾಯ್ದ. ಪೆಟ್ಟಿಗೆಯವರೊಡನೆ ಹಾಗೆ ಕಾಯಬೇಕೆಂದು ಅವನಿಗೂ ಗೊತ್ತಿತ್ತು. ಪೆಟ್ಟಿಗೆ ಬೇಡ ಎನ್ನಲಿಲ್ಲ. ಬೇಡ ಎನ್ನದವರು ಬೇಕು ಎಂದಂತೆ ಎಂದು ಅವನ ಶಾಸ್ತ್ರ. ಕತ್ತಿ ಸರ್ರನೆ ಹೋಯಿತು.

ಸಂಜೆ ಮನೆಗೆ ಬಂದ ಗಂಡನ ಬೋಳು ತುಟಿಯನ್ನು ನೋಡಿ ಮಂದಾಕಿನಿ, “ಅಯ್ಯ, ಯಾರ ಹೋಗ್ಯಾರ್ರಿ?” ಎಂದಳು. ಆತ ಉತ್ತರಕ್ಕೆ ತುಟಿ ತೆರೆದ. ಆಕೆ ಎದುರಿಗೇ ನಿಂತು, ಮೊಬೈಲು ಎತ್ತಿ ಹಿಡಿದು, ಅವನ ಕಣ್ಣಿನಲ್ಲಿ ಕಣ್ಣಿಟ್ಟು ಕೆಂಪು ಒತ್ತಿದಳು. ಆ ರಾತ್ರಿ ಎರಡೂ ಒಲೆ ಹೊತ್ತಲಿಲ್ಲ.

* * *

“ಮೀಸಿ ಹೋದ್ರ ಹೋಗ್ಲಿ, ಕೇಸ್ ಐತಲ್ಲ,” ಎಂದರು ವಕೀಲ ಯಲಿಗಾರರು. ಅವರು ಪಂಚಾಕ್ಷರಿಯ ಪರ. ಬಾಯಿ ತೆರೆದರೆ ಎದುರು ಪಕ್ಷದವರ ನಿದ್ದೆ ಕೆಡುತ್ತಿತ್ತು. “ಆಕಿ ಹತ್ರ ಇರೂದು ಏನು? ಆ ಫೋನ್ ರೆಕಾರ್ಡಿಂಗು. ಅದು ನನ್ನ ದನಿ ಅಲ್ಲ, ಯಾವನೋ ಮಿಮಿಕ್ರಿಯವ ನನ್ನಂಗ ಬೈದಾನ ಅಂದುಬಿಡ್ರಿ. ನೀವು ಕಲಾವಿದರು, ಹೊಟ್ಟಿಕಿಚ್ಚಿನವರು ಊರ ತುಂಬ ಇರ್ತಾರ. ಹೋಲಿಸಿ ನೋಡ್ರಿ ಅಂತ ಅವರು ಅಂದ್ರ, ಹೋಲಿಸಾಕ ಅಸಲಿ ಎಲ್ಲೈತಿ? ಗಂಟಲ ಇಲ್ಲ. ಹಳೇ ಕಾರ್ಯಕ್ರಮದಾಗೆಲ್ಲಾ ಮಂತ್ರಿ, ಕೋಳಿ!”

ಪಂಚಾಕ್ಷರಿಯ ಬೋಳು ತುಟಿ ಮೊದಲ ಸಲ ಅರಳಿತು. ಪೆಟ್ಟಿಗೆ, ಅವನದೇ ಒರಟು ದನಿಯಲ್ಲಿ, “ಮತ್ತ ಇದು?” ಎಂದಿತು.

ಯಲಿಗಾರರು ಬೆಚ್ಚಿಬಿದ್ದರು. “ಅದಾ ನೋಡ್ರಿ! ಕೋರ್ಟಿನ್ಯಾಗ ಈ ದನಿ ಒಂದ ಅಕ್ಷರನೂ ಕೇಳಬಾರದು. ಬ್ಯಾರೆ ದನಿ ಹಾಕಸ್ರಿ. ಮತ್ತ ಆಕಿ ಕಿಡಕಿ ಬಂದ್ ಮಾಡಸ್ರಿ. ಅಲ್ಲೆ ನಿಮ್ಮ ಬಾಯಿ ಕಟ್ಟಿದ್ಲಂದ್ರ ಮೂಕರಂಗ ನಿಂತು ಸೋಲ್ತೀರಿ.”

ತಸ್ಮಿಯಾಳನ್ನು ಕೇಳಿದರೆ ಮಂದಾಕಿನಿಯ ಒಪ್ಪಿಗೆ ಬೇಕೆನ್ನುತ್ತಾಳೆ. ಆದ್ದರಿಂದ ಪಂಚಾಕ್ಷರಿ ದುರ್ಗದ ಬೈಲಿನಲ್ಲಿ ಮೊಬೈಲು ರಿಪೇರಿ ಮಾಡುವ ಮೈಲಾರಿಯ ಹತ್ತಿರ ಹೋಗಿ, ಬೇಕಾದ್ದನ್ನು ಪಾಟಿಯ ಮೇಲೆ ಬರೆದು ತೋರಿಸಿದ. ಬಾಗಿಲಿಗೆ ಬಂದ ಯಾವ ಯಂತ್ರಕ್ಕೂ ಮೈಲಾರಿ ಇಲ್ಲವೆಂದವನಲ್ಲ. ಪೆಟ್ಟಿಗೆಗೆ ವೈರು ಚುಚ್ಚಿ, ಹಳೆಯ ಕಾರ್ಯಕ್ರಮಗಳಿಂದ ಕಟ್ಟಿ ಹೆಡ್‌ಮಾಸ್ತರರ ದನಿಯನ್ನು ತುಂಬಿಸಿದ. ಪಟ್ಟಿಯಲ್ಲಿ ಈಗ ಎರಡು ಹೆಸರು: ‘ಸ್ವಂತ’, ‘ಮಾಸ್ತರ’. ಮಾಸ್ತರನ ಮೇಲೆ ಗುರುತು ಹಾಕಿದ. ಆಮೇಲೆ ಓಡುತ್ತಿದ್ದ ರಿಮೋಟ್ ಡೆಸ್ಕ್‌ಟಾಪ್ ಸರ್ವರನ್ನು ಹುಡುಕಿ, ನಿಲ್ಲು ಎಂದು ಆಜ್ಞೆ ಕೊಟ್ಟ. ನಿಂತಿತು.

“ಆತ್ರಿ ಮಾಮಾ. ಈಗ ಆಕಿ ಫೋನಿನ್ಯಾಗ ಬರೇ ಕತ್ತಲಿ.”

ಓಡುವುದನ್ನು ನಿಲ್ಲಿಸುವುದು ಬೇರೆ, ನಾಳೆ ಏಳಬೇಡ ಎಂದು ಬರೆದಿಡುವುದು ಬೇರೆ. ಮಲಗಿಸಿದವನಿಗೆ ಅಲಾರಂ ತೆಗೆಯುವುದು ಮರೆತಿತ್ತು. ಪಂಚಾಕ್ಷರಿಗೆ ಅದೆಲ್ಲ ಎಲ್ಲಿ ಗೊತ್ತು? ಆತ ಅಂಗಡಿಯ ಕನ್ನಡಿಯ ಮುಂದೆ ನಿಂತು ಹೆಂಡತಿಗೊಂದು ಉದ್ದನೆಯ ಬೈಗುಳ ಹೆಣೆದ. ಯಾರೂ ತಡೆಯಲಿಲ್ಲ. ಹಾಲಿನಂಥ ಮಾಸ್ತರ ದನಿಯಲ್ಲಿ, “ನಿನ್ನ ನಾಲಿಗಿ ಕಿತ್ತು ಬಸ್‌ಸ್ಟ್ಯಾಂಡಿನ್ಯಾಗ ತೂಗ ಹಾಕ್ತೀನಿ ತಮ್ಮಾ,” ಎಂದು ಪೆಟ್ಟಿಗೆ ಆಶೀರ್ವಾದ ಮಾಡಿತು. ಆ ‘ತಮ್ಮಾ’ ಆತ ಹೇಳಿದ್ದಲ್ಲ. ಮಾಸ್ತರರ ದನಿಯ ಜೊತೆ ತಾನಾಗಿ ಬಂದದ್ದು.

ವಿಚಾರಣೆ ಮಾರನೆಯ ದಿನವೇ ಇತ್ತು. ಮಂದಾಕಿನಿಯ ಮೊಬೈಲು ಅಂದು ಸಂಜೆಯಿಂದ ಕಪ್ಪಾಗಿತ್ತು. ಪೆಟ್ಟಿಗೆಯ ಬ್ಯಾಟರಿ ಮುಗಿದಿರಬೇಕೆಂದು ಆಕೆ ಮೊಬೈಲನ್ನು ಚೀಲಕ್ಕೆ ಹಾಕಿದಳು.

* * *

ಕೌಟುಂಬಿಕ ನ್ಯಾಯಾಲಯದ ಆ ಕೋಣೆಯಲ್ಲಿ ಫ್ಯಾನು ಮಾತ್ರ ಯಾರ ಪರವೂ ಇರಲಿಲ್ಲ. ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡುವ, ಮಾತು ಕಡಿಮೆಯ ಹೆಂಗಸು. ಮೊದಲು ರೆಕಾರ್ಡಿಂಗ್ ಹಾಕಿಸಿದರು. ಕೋಣೆಯ ತುಂಬ ಆ ಒರಟು ದನಿ ಹರಿದಾಡಿತು. ಕೊನೆಗೆ ನಾಲಿಗೆ, ಬಸ್‌ಸ್ಟ್ಯಾಂಡು, ತೂಗುಹಾಕುವುದು. ಮಂದಾಕಿನಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

“ಪಂಚಾಕ್ಷರಿ ಕೊಟಗಿ,” ಎಂದು ಕೂಗಿದರು.

ಆತ ಎದ್ದ. ಕಟಕಟೆ ಎಂದರೂ ರಂಗವೇ. ಎರಡು ಮೆಟ್ಟಿಲು, ಎದುರಿಗೆ ಜನ. ಏರುವ ಮೊದಲು ನಿಂತ. ಆತನ ಕೈ, ಆತನನ್ನು ಕೇಳದೆಯೇ, ಪೆಟ್ಟಿಗೆಯನ್ನು ಬಂದ್ ಮಾಡಿತು. ಮತ್ತೆ ಚಾಲೂ ಮಾಡಿತು. ಎರಡು ಬೆರಳಿನಿಂದ ತಟ್ಟಿತು.

ಪೆಟ್ಟಿಗೆ ಎದ್ದಿತು. ಅದಕ್ಕಿಂತ ಮೊದಲು ಕಿಟಕಿ ಎದ್ದಿತು. ಮಂದಾಕಿನಿಯ ಮಡಿಲು ಬೆಳಗಿತು.

“ರೆಕಾರ್ಡಿಂಗ್ ಕೇಳಿದಿರಿ. ಏನು ಹೇಳುತ್ತೀರಿ?” ಎಂದರು ನ್ಯಾಯಾಧೀಶೆ.

“ಮಹಾಸ್ವಾಮಿ, ನಾನು ಕಲಾವಿದ. ಇಡೀ ಜೀವನ ಜನರನ್ನು ನಗಿಸಿದವನು,” ಎಂದಿತು ಹಾಲಿನಂಥ ದನಿ. ಟೈಪಿಸ್ಟನ ಮುಖ ಮೃದುವಾಯಿತು. ಬಾಗಿಲ ಬಳಿಯ ಪೊಲೀಸಿನವನು ಕೈ ಕಟ್ಟಿ ನಿಂತ, ಶಾಲೆಯಲ್ಲಿ ನಿಂತ ಹಾಗೆ. “ಮನಿಯಾಕಿಯನ್ನು ಏಕವಚನದಲ್ಲೂ ಮಾತಾಡಿಸಿದವನಲ್ಲ.”

ಮಂದಾಕಿನಿ ಪರದೆಯನ್ನು ನೋಡಿದಳು. ಮೇಲಿನ ಮೂಲೆಯಲ್ಲಿ ಹಿಂದೆಂದೂ ಇಲ್ಲದ ಒಂದು ಪಟ್ಟಿ: ಸ್ವಂತ, ಮಾಸ್ತರ. ಗುರುತು ಮಾಸ್ತರನ ಮೇಲೆ. ಎಲ್ಲ ತಿಳಿಯಿತು. ಮುಂದಿನ ಸಾಲು ಮೂಡುತ್ತಿತ್ತು. ಕೆಂಪು ಒತ್ತಬಹುದಿತ್ತು. ಒತ್ತಲಿಲ್ಲ. ಬೆರಳನ್ನು ಮೇಲಕ್ಕೆ ಸರಿಸಿ ‘ಸ್ವಂತ’ದ ಮೇಲೆ ಇಟ್ಟಳು.

“ಆ ರೆಕಾರ್ಡಿಂಗಿನ ದನಿ ನನ್ನದಲ್ಲ!” ಎಂದು ಆ ರೆಕಾರ್ಡಿಂಗಿನ ದನಿ ಹೇಳಿತು.

ಟೈಪಿಸ್ಟನ ಬೆರಳುಗಳು ನಿಂತವು. ಹಿಂದಿನ ಬೆಂಚಿನಲ್ಲಿ ಯಾರೋ ಫಕ್ಕನೆ ನಕ್ಕರು.

ಯಲಿಗಾರರು ಚಿಮ್ಮಿ ಎದ್ದರು. “ಮಹಾಸ್ವಾಮಿ! ಇದು ಮೋಸ! ಈ ಪೆಟ್ಟಿಗಿ ದನಿ ಮಾಡಿದ್ದಾ ಆ ರೆಕಾರ್ಡಿಂಗಿನಿಂದ. ಹೋಲೂದು ಸಹಜ. ಎರಕ ಹೊಯ್ದ ಮ್ಯಾಲೆ ಅಚ್ಚಿನಂಗ ಇರದ ಇನ್ಹೆಂಗ ಇರ್ತೈತಿ? ಇದರಿಂದ ಏನೂ ಸಾಬೀತಾಗೂದಿಲ್ಲ!”

ನ್ಯಾಯಾಧೀಶೆ ತಲೆದೂಗಿದರು. “ಸರಿ. ಅದು ಒಪ್ಪತಕ್ಕ ಮಾತು. ಇದರಿಂದ ಏನೂ ಸಾಬೀತಾಗುವುದಿಲ್ಲ.” ಕನ್ನಡಕದ ಮೇಲಿಂದ ನೋಡಿದರು. “ಆದರೆ ದನಿ ಬದಲಿಸಿದವರು ಯಾರು?”

ಮಂದಾಕಿನಿ ಎದ್ದು ನಿಂತಳು. “ನಾನ್ರಿ ಮೇಡಂ. ಈ ಫೋನಿನಿಂದ.” ಮುಚ್ಚಿಡದೆ ಹೇಳಿದಳು: ಕಿಟಕಿ, ಕರಾರು, ಕೆಂಪು ಗುಂಡಿ.

“ಅಂದರೆ ಇಷ್ಟು ದಿನ ಈ ಮನುಷ್ಯನ ಬಾಯಿ ನಿಮ್ಮ ಕೈಯಲ್ಲಿತ್ತು?”

“ಹೌದ್ರಿ.”

“ಕಿತ್ಕೋಬೇಕು ಮಹಾಸ್ವಾಮಿ! ಮದಲ ಆ ಫೋನ್ ಕಿತ್ಕೋಬೇಕು!” ಎಂದು ಯಲಿಗಾರರು ಮೇಜು ಗುದ್ದಿದರು. “ನನ್ನ ಕಕ್ಷಿದಾರರು ಸ್ವತಂತ್ರವಾಗಿ ಮಾತಾಡಬೇಕು!”

“ಫೋನು ಇಲ್ಲಿ ತಂದಿಡಿ,” ಎಂದರು ನ್ಯಾಯಾಧೀಶೆ. “ನೀವು ಮಾಡಿದ್ದು ತಪ್ಪು. ಅದನ್ನೂ ಬರೆಸುತ್ತೇನೆ.”

“ಕೊಡ್ತೀನ್ರಿ. ಆದ್ರ ಅದು ನನ್ನ ಕೈಯಾಗ ಇರೂದು ಅವರಿಗೇ ಚಲೋ ಇತ್ತು.”

“ಇಡಿ.”

ಮಂದಾಕಿನಿ ಮೊಬೈಲನ್ನು ನ್ಯಾಯಾಧೀಶೆಯ ಮುಂದೆ, ಪರದೆ ಮೇಲಾಗಿ, ಇಟ್ಟಳು. ಕಟಕಟೆಯ ಪಕ್ಕದಿಂದ ಹಿಂದಿರುಗಿದಳು. ಪಂಚಾಕ್ಷರಿ ಗೆದ್ದಿದ್ದ. ರೆಕಾರ್ಡಿಂಗಿನ ಮೇಲೆ ಅನುಮಾನ ಬಿದ್ದಿತ್ತು, ಗುಂಡಿ ಹೋಗಿತ್ತು, ತಪ್ಪು ಆಕೆಯದೆಂದು ಬರೆಯಲಾಗುತ್ತಿತ್ತು. ಇನ್ನು ಸುಮ್ಮನೆ ನಿಂತರೆ ಸಾಕಾಗಿತ್ತು. ಆಕೆ ಹಾದುಹೋಗುವಾಗ ಅವನ ಮೇಲ್ದುಟಿಯ ಕುರುಚಲನ್ನು ನೋಡಿದಳು. ಅವನಿಗಷ್ಟೇ ಕೇಳುವಂತೆ, “ಮೀಸಿ ಚಲೋ ಚಿಗತಾವ್ರಿ. ಬೇಲಿ ಹಚ್ಚಸ್ರಿ, ದನ ಮೇಯ್ದಾವು,” ಎಂದಳು.

ಪಂಚಾಕ್ಷರಿಯ ತುಟಿ ಅಲ್ಲಾಡಿತು.

ಹಿಂದೆ ಎಷ್ಟೋ ಸಲ ಅಲ್ಲಾಡಿದ ಹಾಗೆಯೇ. ಪ್ರತಿ ಸಲವೂ ಯಾರೋ ತಡೆದಿದ್ದರು. ಆದ್ದರಿಂದ ತಾನೇ ತಡೆದುಕೊಳ್ಳುವುದನ್ನು ಆತ ಕಲಿತೇ ಇರಲಿಲ್ಲ. ನಡೆಯುತ್ತಿದ್ದ ಮಂದಾಕಿನಿಯ ಹೆಬ್ಬೆರಳು ಖಾಲಿ ಅಂಗೈಯ ಮೇಲೆ ತಾನಾಗಿ ಒತ್ತಿತು. ಅಲ್ಲಿ ಗುಂಡಿ ಇರಲಿಲ್ಲ.

ನ್ಯಾಯಾಧೀಶೆಯ ಮುಂದೆ ಪರದೆ ಬೆಳಗಿತು. ಅವರು ಬಗ್ಗಿ ಓದಿದರು. ಹುಬ್ಬು ಏರಿತು. ಕೆಳಗೆ ಹಸಿರು, ಕೆಂಪು. ಅವರು ಯಾವುದನ್ನೂ ಮುಟ್ಟಲಿಲ್ಲ. ತಲೆ ಎತ್ತಿ ಕಟಕಟೆಯತ್ತ ನೋಡಿದರು. ಮುಂದೆ ಬರುವುದನ್ನು ಮೊದಲೇ ಬಲ್ಲವರ ನೋಟ ಅದು. ಪಂಚಾಕ್ಷರಿ ಆ ನೋಟವನ್ನು ಕಂಡ. ಎರಡೂ ಕೈಯಿಂದ ಪೆಟ್ಟಿಗೆಯನ್ನು ಮುಚ್ಚಿಕೊಂಡ. ಒಂದು ಉಸಿರು ಕಳೆಯಿತು.

“ಏ ಮುಖಗೇಡಿ,” ಎಂದಿತು ಬೆರಳ ಸಂದಿಯಿಂದ ಆತನ ಸ್ವಂತ ದನಿ, “ಹೊರಗ ಬಾ, ನಿನ್ನ ನಾಲಿಗಿ ಕಿತ್ತು ಬಸ್‌ಸ್ಟ್ಯಾಂಡಿನ್ಯಾಗ ತೂಗ ಹಾಕ್ತೀನಿ!”

ಈ ಸಲ ಯಾರೂ ನಗಲಿಲ್ಲ. ಯಲಿಗಾರರು ನಿಧಾನವಾಗಿ ಕೂತು, ಮುಂದಿನ ಕೇಸಿನ ಕಾಗದಗಳನ್ನು ಜೋಡಿಸತೊಡಗಿದರು.

“ಕೊಟಗಿಯವರೇ,” ಎಂದರು ನ್ಯಾಯಾಧೀಶೆ, “ಇದನ್ನು ಯಾರು ಮಿಮಿಕ್ರಿ ಮಾಡಿದರು?”

* * *

ವಿಚ್ಛೇದನ ಕೊಟ್ಟು ತೀರ್ಪು ಬಂದ ಮೇಲೆ ಇಬ್ಬರೂ ಕೊನೆಯ ಸಲ ಗಿರಣಿಯ ಗೋದಾಮಿಗೆ ಬಂದರು. ಕಿಟಕಿ ಮುಚ್ಚಿಸಬೇಕೆಂದು ನ್ಯಾಯಾಲಯವೇ ಹೇಳಿತ್ತು. ತಸ್ಮಿಯಾ ಈ ಸಲ ಸರಿಯಾದ ಆಜ್ಞೆ ಕೊಟ್ಟಳು. ನಿಲ್ಲು ಎಂದಲ್ಲ, ಇನ್ನು ಏಳಬೇಡ ಎಂದು. ಮಂದಾಕಿನಿಯ ಮೊಬೈಲಿನಿಂದ ಎರಡೂ ಗುಂಡಿ ಅಳಿಸಿದಳು. ಆಮೇಲೆ, ತಡೆಯಲಾರದೆ ಕೇಳಿದಳು, “ಅಕ್ಕಾ, ಆವತ್ತು ನೀವು ಬೇಕಂತ ಕೆಣಕಿದಿರೇನು?”

“ಇಪ್ಪತ್ತು ವರ್ಷ ಸುಮ್ನ ಇದ್ದಾಗೂ ಬೈದಾರ,” ಎಂದಳು ಮಂದಾಕಿನಿ. “ಒಂದ ದಿನ ಕೆಣಕಿ ಬೈಸ್ಕೊಂಡ್ರ ತಪ್ಪೇನು? ರುಚಿ ಬ್ಯಾರೆ ಇತ್ತು.”

ಚೀಲ ಹೆಗಲಿಗೇರಿಸಿ, ಪಂಚಾಕ್ಷರಿಯ ಮುಂದೆ ನಿಂತಳು. ಆತ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಪೆಟ್ಟಿಗೆ ಕೈಯಲ್ಲಿ ಹಿಡಿದು ಕೂತಿದ್ದ. ಪದ್ಧತಿಯಂತೆ ಬಂದ್ ಮಾಡಿದ. ಚಾಲೂ ಮಾಡಿದ. ಮಂದಾಕಿನಿಯ ಮೊಬೈಲು ಕಪ್ಪಾಗಿಯೇ ಉಳಿಯಿತು.

“ಈಗ ಬೈರಿ,” ಎಂದಳು. “ಅಪ್ಪಣಿ ಬೇಕಾಗಿಲ್ಲ.”

ಆತ ಎದ್ದು ನಿಂತ. ಇಷ್ಟು ತಿಂಗಳು ಡಿಪೋದಲ್ಲಿ ನಿಂತ ಬಸ್ಸುಗಳೆಲ್ಲ ಒಟ್ಟಿಗೆ ಹೊರಟವು. ತುಟಿ, ಗದ್ದ, ಕೊರಳು ಎಲ್ಲ ಅಲ್ಲಾಡಿದವು. ಬಿಲ್ಲೆಯೊಂದು ಕಿತ್ತು ಬೀಳುವಂತಾಯಿತು. ಮುಗಿಸಿ, ಎದೆಯುಬ್ಬಿಸಿ, ಕಾಯ್ದ.

ಪೆಟ್ಟಿಗೆ ಎಲ್ಲವನ್ನೂ ಬರೆದುಕೊಂಡು, ತನ್ನ ಪಾಡಿಗೆ ಒಂದು ಉಸಿರು ತಡೆಯಿತು.

ಆ ಒಂದು ಉಸಿರಿನಲ್ಲಿ ಮಂದಾಕಿನಿ ಬಾಗಿಲು ದಾಟಿದ್ದಳು.